ಹಿತಕಿದ ಬೇಳೆ ಮತ್ತು ಅಮ್ಮನ ಒಂದು ಮಾತು

ಮೊನ್ನೆ ಕೆಂಪಾಪುರದ ತಿರುವಿನಲ್ಲಿ ಗೋಣಿತಾಟು ಹಾಸಿ ಅವರೆಕಾಯಿ ರಾಶಿ ಹಾಕಿಕೊಂಡಿದ್ದ ಹೆಂಗಸಿನ ಮುಂದೆ ಗಾಡಿ ನಿಲ್ಲಿಸಿ, ಒಂದು ಕಾಯಿ ಎತ್ತಿ ಮೂಗಿನ ಹತ್ತಿರ ಹಿಡಿದೆ. ಸೊಗಡು ಚೆನ್ನಾಗಿತ್ತು. ಸೊಗಡು ಅಂದರೆ ಇಬ್ಬನಿ ಕುಡಿದ ಅವರೆಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯ ಹಾಗೆ ಅಂಟಿಕೊಂಡಿರುವ ವಾಸನೆ. ಚಳಿ ಗಟ್ಟಿಯಾಗಿ ಬಿದ್ದ ವರ್ಷ ಅದು ಗಾಢವಾಗಿರುತ್ತದೆ, ಮೋಡ ಮುಸುಕಿದ ವರ್ಷ ಕಾಯಿಗೆ ವಾಸನೆಯೇ ಇರುವುದಿಲ್ಲ. ಸುಲಿದ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳ ಸಂದಿಯಲ್ಲಿ ಉಳಿದುಬಿಡುತ್ತದೆ. “ತೂಗ್ಲಾ ಅಕ್ಕಾ?” ಅಂದಳು ಆಕೆ. ನನಗೆ ಅಮೃತಹಳ್ಳಿಯ ಹೆಂಚಿನ ಮನೆಯ ಹಿತ್ತಲೂ ಅಲ್ಲಿ ಕಾಲು ಚಾಚಿ ಕೂತ ದೊಡ್ಡಮ್ಮನೂ ಎದುರಿಗೆ ಬಂದು ನಿಂತಂತಾಗಿ, ಬೇಡ ಎಂದು ತಲೆಯಾಡಿಸಿ ಹೊರಟುಬಿಟ್ಟೆ.

ದೊಡ್ಡಮ್ಮ ಅಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಅಣ್ಣತಮ್ಮಂದಿರು ಇಬ್ಬರೂ ಒಂದೇ ಮನೆಯಲ್ಲಿದ್ದರು, ಒಲೆಯೂ ಒಂದೇ. ದೊಡ್ಡಮ್ಮನಿಗೆ ಮಕ್ಕಳಾಗಲಿಲ್ಲ. ನಾನೂ ನನ್ನ ತಮ್ಮನೂ ಬೆಳೆದದ್ದು ಹೆಚ್ಚಾಗಿ ಅವಳ ಮಡಿಲಲ್ಲೇ. ಅಮ್ಮ ಯಶವಂತಪುರದವಳು, ಅನ್ನ ಉಂಡು ಬೆಳೆದವಳು. ಮದುವೆಯಾಗಿ ಬಂದ ವಾರದಲ್ಲೇ ಮುದ್ದೆ ತಿರುವಲು ಹೋಗಿ ತಪ್ಪಲೆ ತುಂಬ ಗಂಟು ಮಾಡಿಟ್ಟಿದ್ದಳಂತೆ. ಹಿಟ್ಟನ್ನು ಕುದಿಯುವ ಎಸರಿಗೆ ಒಮ್ಮೆಲೇ ಸುರಿದು ತಕ್ಷಣ ಕೋಲಾಡಿಸಿದ್ದೇ ತಪ್ಪು. ಗೋಪುರದ ಹಾಗೆ ನಿಂತ ಹಿಟ್ಟಿನ ಮೇಲೆ ಎಸರು ತಾನಾಗಿ ಉಕ್ಕಿ ಬರುವ ತನಕ ಕೈ ಕಟ್ಟಿ ಕಾಯಬೇಕು, ಆಮೇಲೆ ಕೋಲು. ಅಜ್ಜಿ ಬಯ್ಯುವ ಮೊದಲೇ ದೊಡ್ಡಮ್ಮ ಆ ತಪ್ಪಲೆಯನ್ನು ತನ್ನ ಕಡೆ ಎಳೆದುಕೊಂಡು, “ನಾನೇ ಮಾಡ್ದೆ ಕಣತ್ತೆ, ಯಾಕೋ ಕೈ ಕೆಟ್ಟೋಯ್ತು” ಅಂದಳಂತೆ. ಅಂದಿನಿಂದ ಅಮ್ಮನಿಗೆ ಅವಳು ಓರಗಿತ್ತಿಯಲ್ಲ, ಅಕ್ಕ.

ಬಸ್ಸಾರು, ಉಪ್ಸಾರು, ಮಸ್ಸೊಪ್ಪು ಮೂರೂ ಬೇರೆಬೇರೆ ಎಂದು ಅಮ್ಮನಿಗೆ ಕಲಿಸಿದವಳು ಅವಳೇ. ಹೆಸರಿನಲ್ಲೇ ಎಲ್ಲ ಇದೆ ಅನ್ನುತ್ತಿದ್ದಳು. ಬೇಳೆ ಸೊಪ್ಪು ಬೇಯಿಸಿ ನೀರು ಬಸಿದರೆ ಆ ನೀರಿಗೆ ಕಟ್ಟು ಎಂದು ಹೆಸರು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಮೆಣಸಿನಕಾಯಿಯ ಜೊತೆ ಬೆಂದ ಸೊಪ್ಪನ್ನೇ ಒಂದು ಹಿಡಿ ರುಬ್ಬಿ ಆ ಕಟ್ಟಿನಲ್ಲಿ ಕುದಿಸಿದರೆ ಬಸ್ಸಾರು, ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಕಟ್ಟಿಗೆ ಬರೀ ಉಪ್ಪು ಹಾಕಿ, ಖಾರವನ್ನು ಬೇರೆ ಅರೆದು ತಟ್ಟೆಯ ಅಂಚಿಗಿಟ್ಟುಕೊಂಡು ಬೇಕಾದಷ್ಟು ಕಲಸಿಕೊಂಡರೆ ಉಪ್ಸಾರು. ಬಸಿಯದೆ ಎಲ್ಲವನ್ನೂ ಕಡೆಗೋಲಿನಲ್ಲಿ ಮಸೆದರೆ ಮಸ್ಸೊಪ್ಪು. ಕೆರೆ ಅಂಗಳದಿಂದ ಅಣ್ಣೆ, ಗಣಿಕೆ, ಹೊನಗೊನೆ ಸೊಪ್ಪುಗಳನ್ನೆಲ್ಲ ಬೆರಕೆಯಾಗಿ ಸೆರಗಲ್ಲಿ ತುಂಬಿಕೊಂಡು ಬರುತ್ತಿದ್ದ ದೊಡ್ಡಮ್ಮ, ಒಂದೊಂದನ್ನೂ ಅಮ್ಮನ ಕೈಗೆ ಕೊಟ್ಟು, “ಇಸುಕಿ ವಾಸ್ನೆ ನೋಡು ಸರೋಜಾ, ಎಲೆ ನೋಡಿ ಮೋಸ ಓಗ್ಬೇಡ” ಅನ್ನುತ್ತಿದ್ದಳು.

ಆದರೆ ಅವಳ ಕೈಯ ಅಡುಗೆಯಲ್ಲಿ ನಮಗೆ ಹಬ್ಬವೆಂದರೆ ಹಿತಕಿದ ಬೇಳೆ ಸಾರು. ಸುಲಿದ ಅವರೆಕಾಳನ್ನು ಸಂಜೆ ನೆನೆಹಾಕಿ ಬೆಳಿಗ್ಗೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿತುಕಿದರೆ, ಸಿಪ್ಪೆ ಬೆರಳಲ್ಲೇ ಉಳಿದು ಬೇಳೆ ಚಿಮ್ಮಿ ಬೋಗುಣಿಗೆ ಬೀಳುತ್ತದೆ. ಸುಲಭವೆನಿಸುತ್ತದೆ, ಆದರೆ ಮನೆಮಂದಿಗೆಲ್ಲ ಆಗುವಷ್ಟು ಹಿತುಕಲು ಎರಡು ಗಂಟೆ ಬೇಕು, ಉಗುರಿನ ಸಂದು ಉರಿಯುತ್ತದೆ. ಮನೆಯಲ್ಲಿ ಮಾಡುವವರು ಒಂದು ಮಾತು ನೆನಪಿಡಿ: ಈ ಬೇಳೆ ಬಲು ಬೇಗ ಬೇಯುತ್ತದೆ. ಮಸಾಲೆಯ ಹಸಿ ವಾಸನೆ ಪೂರ್ತಿ ಹೋದ ಮೇಲೆಯೇ ಬೇಳೆ ಹಾಕಬೇಕು, ಇಲ್ಲದಿದ್ದರೆ ಕರಗಿ ಗಂಜಿಯಾಗುತ್ತದೆ. ಬಾವಿಕಟ್ಟೆಯ ಪಕ್ಕ, ಒರಳಿನ ಹತ್ತಿರ, ಎಳೆಬಿಸಿಲಿಗೆ ಬೆನ್ನು ಕೊಟ್ಟು ಅಮ್ಮನೂ ದೊಡ್ಡಮ್ಮನೂ ಕೂತು ಹಿತುಕುತ್ತಿದ್ದರು. ಮಾತಿಗೆ ಕೊನೆಯೇ ಇರುತ್ತಿರಲಿಲ್ಲ.

ಅಂಥದೇ ಒಂದು ಬೆಳಿಗ್ಗೆ ಮನೆ ಪಾಲಾಯಿತು. ಅಜ್ಜಿ ತೀರಿಕೊಂಡು ವರ್ಷವಾಗಿತ್ತು. ನಡುಮನೆಯಲ್ಲಿ ಊರಿನ ಹಿರಿಯರು ಕೂತಿದ್ದರು, ಹಿತ್ತಲಲ್ಲಿ ಹೆಂಗಸರಿಬ್ಬರು ಎಂದಿನ ಹಾಗೆ ಅವರೆ ಹಿತುಕುತ್ತಿದ್ದರು. ನನಗೆ ಆಗ ಹತ್ತು ವರ್ಷ. ಅಪ್ಪ ಬಾಗಿಲಿಗೆ ಬಂದು, ಹಿತ್ತಲು, ಬಾವಿ, ಒರಳು ಎಲ್ಲ ಅಣ್ಣನ ಭಾಗಕ್ಕೆ ಹೋಯಿತು ಎಂದು ಹೇಳಿದ. ಅಮ್ಮ ತಲೆಯೆತ್ತಿದಳು. ಎದುರಿಗೆ ಕೂತವಳು ಯಾರು ಎಂಬುದೇ ಮರೆತವಳ ಹಾಗೆ, “ಮಕ್ಳು ಮರಿ ಇಲ್ದೋರು ಅಷ್ಟು ಜಾಗ ಇಟ್ಕೊಂಡು ಏನ್ಮಾಡ್ತಾರಂತೆ?” ಅಂದಳು.

ದೊಡ್ಡಮ್ಮನ ಬೆರಳು ನಿಂತಿತು. ಅವಳು ಬೋಗುಣಿಯಲ್ಲಿದ್ದ ಬೇಳೆಯನ್ನು ಎರಡು ಭಾಗ ಮಾಡಿ, ಒಂದನ್ನು ಅಮ್ಮನ ಮುಂದೆ ಸರಿಸಿ, ಇನ್ನೊಂದನ್ನು ಎತ್ತಿಕೊಂಡು ಒಳಗೆ ಹೋದಳು. ಅವತ್ತು ಸಾರಾಗಲಿಲ್ಲ. ಮುಟ್ಟದೆ ಇಟ್ಟ ಬೇಳೆ ಮಾರನೆಯ ದಿನ ಹುಳಿ ವಾಸನೆ ಬಂದು, ಅಮ್ಮ ಅದನ್ನು ಹಸುವಿನ ಕಲಗಚ್ಚಿಗೆ ಸುರಿದಳು.

ಹಿತ್ತಲಿಗೆ ಗೋಡೆ ಎದ್ದಿತು. ಹದಿನೆಂಟು ವರ್ಷ ಅವರಿಬ್ಬರೂ ಮಾತಾಡಲಿಲ್ಲ. ಮೊದಮೊದಲು ನಾನು ಶಾಲೆ ಬಿಟ್ಟೊಡನೆ ಅತ್ತ ಓಡುತ್ತಿದ್ದೆ. ದೊಡ್ಡಮ್ಮ ತಲೆ ಸವರಿ, “ನಿಮ್ಮವ್ವನ್ನ ಕೇಳ್ಕೊಂಡು ಬಂದ್ಯಾ ಮಗಾ? ಓಗು, ಕೇಳ್ಕೊಂಡು ಬಾ, ಆಮೇಲೆ ಉಣ್ಣು” ಅನ್ನುತ್ತಿದ್ದಳು. ಕೇಳುವ ಧೈರ್ಯ ನನಗಿರಲಿಲ್ಲ, ಹಾಗಾಗಿ ಹೋಗುವುದೇ ನಿಂತಿತು. ಅಮ್ಮ ಮಿಕ್ಸಿಯಲ್ಲಿ ರುಬ್ಬಿ ಬಸ್ಸಾರು ಮಾಡುತ್ತಿದ್ದಳು, ಬಡಿಸಿ ನಮ್ಮ ಮುಖ ನೋಡುತ್ತಿದ್ದಳು. ನಾವು ಚೆನ್ನಾಗಿದೆ ಅನ್ನುತ್ತಿದ್ದೆವು. ಅವಳು ಒಂದು ತುತ್ತು ಬಾಯಿಗಿಟ್ಟು, “ಇಲ್ಲ, ಏನೋ ಕಮ್ಮಿ” ಅಂದು ಎದ್ದುಬಿಡುತ್ತಿದ್ದಳು. ಕ್ಷಮಿಸು ಅನ್ನಲು ಎಷ್ಟೋ ಸಲ ಸೀರೆ ಬದಲಿಸಿಕೊಂಡು ಬಾಗಿಲ ತನಕ ಹೋಗಿದ್ದಳು ಎಂದು ನನಗೆ ಗೊತ್ತು. ದೊಡ್ಡಪ್ಪ ತೀರಿಕೊಂಡಾಗಲೂ ಹೆಂಗಸರ ಗುಂಪಿನಲ್ಲಿ ಹಿಂದೆ ನಿಂತಿದ್ದು ಬಂದುಬಿಟ್ಟಳು.

ಆಮೇಲೆ ದೊಡ್ಡಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸತ್ತಿತು, ನಾಲಿಗೆ ತೊದಲತೊಡಗಿತು, ಗಟ್ಟಿ ಪದಾರ್ಥ ನುಂಗಲಾಗುತ್ತಿರಲಿಲ್ಲ. ಅವಳ ತಮ್ಮನ ಮಗಳೊಬ್ಬಳು ಬಂದು ನೋಡಿಕೊಳ್ಳುತ್ತಿದ್ದಳು. ನಾನು ಹೋಗಿ ನೋಡಿ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಪೇಟೆಗೆ ಹೋಗಿ ಅವರೆಕಾಯಿ ತಂದಳು. ಮಾರನೆಯ ಬೆಳಿಗ್ಗೆ ಒಬ್ಬಳೇ ಕೂತು ಹಿತುಕಿದಳು, ನನ್ನನ್ನು ಹತ್ತಿರ ಬರಗೊಡಲಿಲ್ಲ. ಸಾರು ಮಾಡಿ, ಬೇಳೆಯನ್ನು ಸೌಟಿನ ಬೆನ್ನಿನಲ್ಲಿ ನುಣ್ಣಗೆ ಮಸೆದು, ಡಬ್ಬಿಗೆ ಹಾಕಿಕೊಂಡು ಹೊರಟಳು. ನಾನು ಹಿಂದೆ ಹೋದೆ.

ದೊಡ್ಡಮ್ಮ ದಿಂಬಿಗೊರಗಿ ಕೂತಿದ್ದಳು. ಅಮ್ಮನನ್ನು ನೋಡಿ ಎಡಗೈಯಲ್ಲಿ ಸೆರಗು ಸರಿಮಾಡಿಕೊಂಡಳು. ಅಮ್ಮ ಚಮಚದಲ್ಲಿ ಕೊಟ್ಟದ್ದನ್ನು ನಿಧಾನವಾಗಿ ನುಂಗಿದಳು. ನಾಲ್ಕು ಚಮಚ ಆದ ಮೇಲೆ ತುಟಿಯಂಚಿನಿಂದ ಸೋರಿದ್ದನ್ನು ಅಮ್ಮ ತನ್ನ ಸೆರಗಿನಲ್ಲೇ ಒರೆಸಿದಳು. “ಬೆಳ್ಳುಳ್ಳಿ... ಅಸಿ ಐತೆ” ಅಂದಳು ದೊಡ್ಡಮ್ಮ. ಅಮ್ಮ ನಕ್ಕಳು, ನಗುತ್ತಲೇ ಅತ್ತಳು. ಆಮೇಲೆ ಅವಳ ಸತ್ತ ಕೈಯನ್ನು ಹಿಡಿದುಕೊಂಡು, “ಅಕ್ಕಾ, ಅವತ್ತು ನಾನು ಆ ಮಾತು...” ಎಂದು ಶುರು ಮಾಡಿದಳು.

“ಎಸ್ರು ಉಕ್ತೈತೆ,” ಅಂದಳು ದೊಡ್ಡಮ್ಮ. “ನೋಡೋಗು ಸರೋಜಾ.”

ಒಲೆಯ ಮೇಲೆ ಏನೂ ಇರಲಿಲ್ಲ. ಅಮ್ಮ ಎದ್ದು ಅಡುಗೆಮನೆಗೆ ಹೋದಳು, ತಣ್ಣಗಿದ್ದ ಒಲೆಯ ಮುಂದೆ ಸುಮ್ಮನೆ ನಿಂತಳು. ತಿರುಗಿ ಬರುವಷ್ಟರಲ್ಲಿ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಒಂಬತ್ತು ದಿನ ಅಮ್ಮ ಹೋಗಿ ಉಣಿಸಿ ಬಂದಳು, ಗಂಜಿ, ಅಂಬಲಿ, ತೆಳುವಾದ ಕಟ್ಟು. ದೊಡ್ಡಮ್ಮ ಉಂಡಳು, ಮಾತಾಡಲಿಲ್ಲ. ಹತ್ತನೆಯ ದಿನ ಉಣ್ಣಲೂ ಇಲ್ಲ.

ದೊಡ್ಡಮ್ಮನೂ ಹೋದಳು, ಆ ಮನೆಯೂ ಹೋಯಿತು. ಈಗ ಆ ಜಾಗದಲ್ಲಿ ಐದಂತಸ್ತಿನ ಪಿ.ಜಿ. ಕಟ್ಟಡವಿದೆ. ಬಾವಿ ಎಲ್ಲಿತ್ತು ಎಂದು ನನಗೂ ಸರಿಯಾಗಿ ತೋರಿಸಲಾಗದು. ಅಮ್ಮ ಆರ್.ಟಿ. ನಗರದಲ್ಲಿ ನನ್ನ ಜೊತೆಗಿದ್ದಾಳೆ, ಅಡುಗೆ ಬಿಟ್ಟು ಮೂರು ವರ್ಷವಾಯಿತು. ಸೊಪ್ಪು ಬಿಡಿಸುತ್ತಾ ಕೂತವಳು ಒಮ್ಮೊಮ್ಮೆ ಕೈ ನಿಲ್ಲಿಸಿ ಕೇಳುತ್ತಾಳೆ: “ಅಕ್ಕಂಗೆ ಅವತ್ತು ಬುದ್ಧಿ ನೆಟ್ಟಗಿರ್ಲಿಲ್ವೋ, ಇಲ್ಲಾ ಬೇಕು ಅಂತ್ಲೇ ಮಾತು ತಪ್ಪಿಸಿದ್ಲೋ?”

“ಬೇಕು ಅಂತ್ಲೇ ಅಮ್ಮ. ನೀನು ಅದನ್ನ ಹೇಳಿ ನೋಯೋದು ಬೇಡ ಅಂತ,” ಅನ್ನುತ್ತೇನೆ.

“ಕೇಳೋಕೆ ಇಷ್ಟ ಇರ್ಲಿಲ್ವೇನೋ,” ಅನ್ನುತ್ತಾಳೆ ಅಮ್ಮ.

ನಾನು ಅವಳ ಮುಂದಿನ ಸೊಪ್ಪಿನ ಕಂತೆಯಲ್ಲಿ ಅರ್ಧ ನನ್ನ ಕಡೆ ಎಳೆದುಕೊಂಡು ಬಿಡಿಸತೊಡಗುತ್ತೇನೆ.