ಕೊರವ ಮೀನಿನ ಹೊಟ್ಟೆಯಲ್ಲಿ ಸಿಕ್ಕಿದ್ದು

ಹಳೇಬೀಡಿನ ಮೀನಾಕ್ಷಿ ಹಗೆಯನ್ನು ಉಪ್ಪು ಹಾಕಿ ಒಣಗಿಸಿಟ್ಟುಕೊಳ್ಳುವ ಹೆಂಗಸು. ಅದು ಕೊಳೆಯುವುದಿಲ್ಲ, ಮುಗಿಯುವುದೂ ಇಲ್ಲ.

ಕೆರೆಯ ಮೀನಿನ ಗುತ್ತಿಗೆ ಮೊದಲು ಅವಳದಾಗಿತ್ತು. ಅವಳು ಕೊಳೆತ ಮೀನು ಮಾರುತ್ತಾಳೆಂದು ಮೀನುಗಾರರ ಸಂಘದಲ್ಲಿ ಸುಳ್ಳು ಹಬ್ಬಿಸಿ ಕೆಂಚಯ್ಯ ಅದನ್ನು ಕಿತ್ತುಕೊಂಡ. ಅಂದಿನಿಂದ ಅವಳು ಬಸ್ ಸ್ಟ್ಯಾಂಡಿನ ಹತ್ತಿರ ಮಂಗಳೂರಿನ ಕಡಲ ಮೀನು ಕೊಯ್ದು ಮಾರುತ್ತಾಳೆ.

ಹೋದ ಮಳೆಗಾಲದ ಕೊನೆಗೆ ಬಂದ ದೊಡ್ಡ ಅಂಜಲ್ ಮೀನುಗಳು ಬಡಕಲಾಗಿದ್ದವು. ಕೊಯ್ದರೆ ಹೊಟ್ಟೆ ಖಾಲಿ.

“ಏನಪ್ಪಾ, ಇವೂ ಉಪವಾಸ ಹಿಡಿದವಾ?” ಎಂದು ಲಾರಿಯವನನ್ನು ಕೇಳಿದಳು.

“ಬೂತಾಯಿಯಂಥ ಸಣ್ಣ ಮೀನೆಲ್ಲ ಮೀನಿನ ಹುಡಿ ಮಾಡುವ ಫ್ಯಾಕ್ಟರಿಗೆ ಹೋಗ್ತದೆ ಅಕ್ಕ. ದೊಡ್ಡ ಮೀನು ಮತ್ತೆ ಎಂತ ತಿನ್ನುವುದು, ಮರಳಾ?”

ಮೀನಾಕ್ಷಿಗೆ ಕೆರೆ ನೆನಪಾಯಿತು. ಕೆಂಚಯ್ಯ ಸೊಳ್ಳೆಪರದೆಯಂಥ ಬಲೆಯಲ್ಲಿ ಸಣ್ಣ ಮೀನನ್ನೆಲ್ಲ ಬಳಿದು ಕೋಳಿ ಫಾರಂಗೆ ಸಾಗಿಸುತ್ತಿದ್ದ. ಚಿಕ್ಕವು ಹೋದರೆ ದೊಡ್ಡವಕ್ಕೆ ಮೇವು ಹೆಚ್ಚಾಗುತ್ತದೆಂಬುದು ಅವನ ಲೆಕ್ಕ.

“ಒಂದು ಮಾತು ಹೇಳಬಾರ್ದೇನೇ ಅವನಿಗೆ?” ಎಂದ ಗಂಡ ಸ್ವಾಮಿ.

“ಕೊಳೆತ ಮೀನು ಮಾರೋಳ ಮಾತು ಅವನಿಗ್ಯಾಕೆ? ಅವನ ಬಲೆಗೆ ಪಾಚಿ ಬೀಳ್ಲಿ.”

ಕೆಲವೇ ದಿನಗಳಲ್ಲಿ ಕೆಂಚಯ್ಯನೇ ಒಂದು ಕೊರವ ಮೀನು ಹಿಡಿದು ಬಂದ. ತಲೆ ದೊಡ್ಡದು, ಮೈ ಹಗ್ಗದಂತೆ. ಪಕ್ಕೆಯಲ್ಲಿ ಕೆಂಪು ಹುಣ್ಣು.

“ಮೀನಾಕ್ಷಕ್ಕ, ಇದಕ್ಕೇನು ರೋಗ ನೋಡು. ದೀಪಾವಳಿಗೆ ಗುತ್ತಿಗೆ ಮತ್ತೆ ಸಂಘದ ಮುಂದೆ ಬತ್ತೈತೆ. ಕೆರೇಲಿ ಮೀನಿಲ್ಲ ಅಂದ್ರೆ ನಿನಗೇ ಕೊಡ್ತಾರೆ ಅಂತ ನಿನಗೂ ಗೊತ್ತೈತೆ.”

ಅವಳು ಹೊಟ್ಟೆ ಸೀಳಿದಳು. ಒಳಗೆ ಬೆರಳುದ್ದದ ಮರಿಗಳು, ಕೊರವ ಮೀನಿನವೇ. ಮರಿಗಳ ಹಿಂಡನ್ನು ಬಿಟ್ಟು ಕದಲದೆ ಕಾಯುವ ಮೀನು ಅದು. ಹತ್ತಿರ ಬಂದ ಕಾಲನ್ನೂ ಕಚ್ಚುತ್ತದೆ. ತಿನ್ನಲು ಬೇರೇನೂ ಸಿಗದೆ ತನ್ನವನ್ನೇ ನುಂಗಿತ್ತು. ಅವಳು ಚೂರಿ ಒರೆಸಿ, ಆ ಮರಿಗಳನ್ನು ಕಸದ ಬಕೆಟ್ಟಿಗೆ ತಳ್ಳಿದಳು.

“ರೋಗ ಗೀಗ ಏನಿಲ್ಲ ಕಣಯ್ಯ. ದಿನಾ ನಿನ್ನ ಮುಖ ನೋಡಿ ಸೊರಗೈತೆ.”

ಸುತ್ತ ನಿಂತವರು ನಕ್ಕರು. ಕೆಂಚಯ್ಯ ತಲೆ ತಗ್ಗಿಸಿ ಹೋದ. ಇಷ್ಟು ಕಾಲ ಅವಳು ಕಾದದ್ದು ಇದಕ್ಕೇ. ದೀಪಾವಳಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಕೆರೆ ಅವಳದು. ಆದರೆ ಬಕೆಟ್ಟಿಗೆ ತಳ್ಳಿದ ಆ ಮರಿಗಳು ಅವಳ ಕಣ್ಣಿಂದ ಹೋಗಲಿಲ್ಲ.

ಮುಂದಿನ ಭಾನುವಾರ ಅವಳು ತವರೂರು ಹಾರನಹಳ್ಳಿಗೆ ಹೋಗಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿದ ಬಿಂದಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸಾದಳು.

“ಏನಮ್ಮಾ ಅದ್ರಾಗೆ?” ಎಂದ ಕಂಡಕ್ಟರ್.

“ನಿನ್ನ ಮದುವೆ ಪಾಯಸ. ಟಿಕೆಟ್ ಹರಿ.”

ಮನೆಗೆ ಹೋಗದೆ ನೇರ ಕೆರೆ ಏರಿಗೆ ನಡೆದಳು. ಬಟ್ಟೆ ಬಿಚ್ಚಿ ಬಿಂದಿಗೆಯನ್ನು ನೀರಿಗೆ ಓರೆ ಮಾಡಿದಳು. ತವರಿನ ಕೆರೆಯ, ಮೊಟ್ಟೆ ತುಂಬಿದ ಸಣ್ಣ ಮೀನುಗಳು ಮಿನುಗಿ ಜೊಂಡಿನೊಳಗೆ ಸರಿದವು.

“ಯಾರದು? ಏನ್ ಮಾಡ್ತಿದ್ದೀಯಾ ಅಲ್ಲಿ?” ದೂರದ ತೆಪ್ಪದಿಂದ ಕೆಂಚಯ್ಯ ಕೂಗಿದ.

“ಬಿಂದಿಗೆ ತೊಳೀತಾ ಇವ್ನಿ ಕಣಯ್ಯ,” ಎಂದು ಇನ್ನೊಮ್ಮೆ ಅಲುಗಿಸಿದಳು. ತಳದಲ್ಲಿ ಒಂದು ಮೀನು ಉಳಿದಿತ್ತು.