ಸುಮ್ಮನಾಗದ ಲಾವಕ್ಕಿ

ಇದು ಪೆಟ್ಟಿಗೆಯ ಸದ್ದೋ, ತನ್ನ ಬಲಗಿವಿಯ ಆಟವೋ? ದೇಜಪ್ಪ ಮರಳಿನ ಮೇಲೆ ನಿಂತಲ್ಲೇ ತಲೆಯನ್ನು ಮೆಲ್ಲಗೆ ಆಚೀಚೆ ತಿರುಗಿಸುತ್ತಾರೆ. ಮೂಡಣದಲ್ಲಿ ಇನ್ನೂ ಬೂದಿಬಣ್ಣ. ದೂರದಲ್ಲಿ ಮೆಸಯೀದಿನ ಕಾರ್ಖಾನೆಗಳ ದೀಪ. ಎಲ್ಲಿಂದಲೋ ಲಾವಕ್ಕಿಯ ಕೂಗು: ವಿಕ್, ವಿಕ್‌ವಿಕ್. ಉಸಿರೆಳೆಯದೆ, ದಣಿಯದೆ, ಅದೇ ಕೂಗು.

ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಆಫ್ರಿಕಾದ ಕಡೆಗೆ ಹೊರಟ ಲಾವಕ್ಕಿಗಳು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕತಾರ್ ದಾಟುತ್ತವೆ. ರಾತ್ರಿಯಿಡೀ ಹಾರಿ, ಬೆಳಗಿನ ಜಾವ ಇಳಿಯಲು ಜಾಗ ಹುಡುಕುತ್ತವೆ. ಕೆಳಗೆ ತಮ್ಮವರ ದನಿ ಕೇಳಿದರೆ ಅಲ್ಲೇ ಇಳಿಯುತ್ತವೆ. ಕಳ್ಳಬೇಟೆಯವರು ಧ್ವನಿಮುದ್ರಿಸಿದ ಕೂಗಿನ ಪೆಟ್ಟಿಗೆಯನ್ನು ಬ್ಯಾಟರಿ ಸಮೇತ ಮರಳಿನಲ್ಲಿ ಹೂತು, ಪೊದೆಗಳ ನಡುವೆ ಬಲೆ ಕಟ್ಟಿ ಹೋಗುತ್ತಾರೆ. ಬೆಳಕು ಹರಿಯುವುದರೊಳಗೆ ಆ ಪೆಟ್ಟಿಗೆಯನ್ನು ಹುಡುಕಿ ಬಾಯಿ ಮುಚ್ಚಿಸುವುದು ಈ ಸಂರಕ್ಷಿತ ಬಯಲಿನ ಕಾವಲುಗಾರ ದೇಜಪ್ಪನವರ ಕೆಲಸ. ತಡವಾದರೆ ಹಿಂಡಿಗೆ ಹಿಂಡೇ ಬಲೆಯಲ್ಲಿ.

"ಎಂತ ದೇಜಣ್ಣ, ರೇಡಿಯೋ ಸ್ಟೇಷನ್ ಸಿಕ್ಕಿತಾ?" ಗಾಡಿಯೊಳಗಿಂದ ಚಾಲಕ ಬೆನ್ನಿ ಕೆಣಕುತ್ತಾನೆ. ಉಡುಪಿ ಕಡೆಯ ಹುಡುಗ. ಹಕ್ಕಿಗಳ ಬಗ್ಗೆ ಅವನಿಗಿರುವ ಆಸಕ್ತಿ ಬಾಣಲೆಯವರೆಗೆ ಮಾತ್ರ.

"ಗಾಡಿ ಆಫ್ ಮಾಡು ಮಾರಾಯ. ನಿನ್ನ ಎಸಿಯೇ ಹಕ್ಕಿಗಿಂತ ಜೋರು ಕೂಗ್ತದೆ."

ಕಾರ್ಕಳದ ದೇಜಪ್ಪ ಈ ಕೆಲಸಕ್ಕೆ ಬರುವ ಮೊದಲು ಮೆಸಯೀದಿನಲ್ಲಿ ಕಂಪ್ರೆಸರುಗಳ ಪಕ್ಕ ದುಡಿದವರು. ಬಲಗಿವಿ ಅಲ್ಲೇ ಮಂದವಾಯಿತು. ಈಗ ತಾವಿರುವ ಅಲ್ ಥುಮಾಮಾದ ಕೋಣೆಗೆ ಊರಿನಿಂದ ಮಗಳು ಯಶ್ಮಿತಾಳ ಫೋನು ಬಂದರೆ ಎಡಗಿವಿಗೇ ಹಿಡಿಯುತ್ತಾರೆ. ಕಿವಿ ಮಂದವೆಂಬುದು ಎಲ್ಲರಿಗೂ ಗೊತ್ತು. ಅದು ಒಳಗೊಳಗೇ ಕೂಗುತ್ತದೆಂಬುದು ಯಾರಿಗೂ ಗೊತ್ತಿಲ್ಲ.

"ನಿಜವಾದ ಹಕ್ಕಿಯಾದ್ರೆ ನಾವು ಹತ್ತಿರ ಹೋದ ಕೂಡ್ಲೇ ಸುಮ್ಮನಾಗ್ತದೆ," ಎನ್ನುತ್ತಾರೆ. "ಪೆಟ್ಟಿಗೆಗೆ ಹೆದರಿಕೆ ಇಲ್ಲ. ಕಾಲ ಬುಡದಲ್ಲೂ ಕೂಗ್ತಾ ಇರ್ತದೆ."

ಇವತ್ತಿನದು ಅವರ ಕಾಲಬುಡದಲ್ಲೇ ಕೂಗುತ್ತಿದೆ. ಮಂಡಿಯೂರಿ ಕೈಯಿಂದಲೇ ಅಗೆದು ವಯರು ಕೀಳುತ್ತಾರೆ. ಬೆನ್ನಿ ಬಂದು ಬಲೆ ಬಿಚ್ಚಿ ಸುತ್ತಿಕೊಂಡು, "ಖಲಾಸ್," ಎಂದು ಗಾಡಿಯತ್ತ ನಡೆಯುತ್ತಾನೆ.

ದೇಜಪ್ಪ ಕದಲುವುದಿಲ್ಲ. ಬಲಗಡೆಯಿಂದ ಇನ್ನೂ ಕೇಳುತ್ತಿದೆ: ವಿಕ್, ವಿಕ್‌ವಿಕ್.

ಹೋದ ವರ್ಷವೂ ಪೆಟ್ಟಿಗೆ ಕಿತ್ತ ಮೇಲೆ ಹೀಗೇ ಕೇಳಿತ್ತು. ಕಿವಿಯದೆಂದುಕೊಂಡು ಮರಳಿದ್ದರು. ಮರುದಿನ ಆ ದಿಕ್ಕಿನ ಪೊದೆಗಳಲ್ಲಿ ಇನ್ನೊಂದು ಬಲೆ, ತುಂಬ ಗರಿ. ಅಂದಿನಿಂದ ಕೇಳಿದ್ದನ್ನು ಬಿಟ್ಟುಬರಲು ಧೈರ್ಯವಾಗುವುದಿಲ್ಲ.

ಕೂಗಿನತ್ತ ನಡೆಯುತ್ತಾರೆ. ಅದು ಹತ್ತಿರವಾಗುವುದಿಲ್ಲ, ದೂರವೂ ಆಗುವುದಿಲ್ಲ, ಸುಮ್ಮನಂತೂ ಆಗುವುದಿಲ್ಲ. ಪೊದೆಗಳ ಬುಡದಲ್ಲಿ ತಡಕಿದರೆ ತಣ್ಣಗಿನ ಮರಳಷ್ಟೇ. ಆಗ ತಲೆಯ ಮೇಲೆ ರೆಕ್ಕೆಗಳ ಸದ್ದು. ಹಿಂಡು ತೀರಾ ತಗ್ಗಿನಲ್ಲಿ ಬರುತ್ತಿದೆ. ದೇಜಪ್ಪ ಜಾಕೆಟ್ ಕಳಚಿ ಬೀಸುತ್ತಾ, ಹೋ ಹೋ ಎನ್ನುತ್ತಾ ಓಡುತ್ತಾರೆ. ಕಪ್ಪು ಚುಕ್ಕೆಗಳು ಬಾಗಿ, ಮೇಲೆದ್ದು, ತೆಂಕಣಕ್ಕೆ ಸರಿಯುತ್ತವೆ.

"ಯಲ್ಲಾ ದೇಜಣ್ಣ, ಹೊರಡುವ. ಆಫ್ರಿಕಾಕ್ಕೆ ದಾರಿ ತೋರಿಸಿ ಆಯ್ತಾ?" ಬೆನ್ನಿ ನಗುತ್ತಾನೆ.

ಅವರೂ ನಗುತ್ತಾರೆ. ದೊಡ್ಡ ಆಸೆಯೇನೂ ಇಲ್ಲವಂತೆ. "ಒಮ್ಮೆ ನಿಜವಾದದ್ದು ಕೂಗ್ಬೇಕು. ನಾನು ಹೋದ ಕೂಡ್ಲೇ ಸುಮ್ಮನಾಗ್ಬೇಕು. ಅಷ್ಟೇ."

ಗಾಡಿ ಹತ್ತಿ ಬೆನ್ನಿಯ ಪಕ್ಕ ಕೂರುತ್ತಾರೆ. ಬಾಗಿಲು ಮುಚ್ಚಿದರೂ ಕೂಗು ನಿಂತಿಲ್ಲ. ನಿನಗೂ ಕೇಳುತ್ತದೆಯೇ ಎಂದು ಅವರು ಬೆನ್ನಿಯನ್ನು ಒಂದು ದಿನವೂ ಕೇಳಿಲ್ಲ.