ಅಮ್ಮ ಮಾತು ಬಿಟ್ಟ ವರ್ಷದ ಶನಿವಾರ

ನಾನು ಚಿಕ್ಕವನಿದ್ದಾಗ, ಎರಡನೆಯ ಕ್ಲಾಸು ಓದುತ್ತಿದ್ದ ವರ್ಷ, ನಮ್ಮ ಅಮ್ಮ ಮಾತನಾಡುವುದನ್ನು ನಿಲ್ಲಿಸಿಬಿಟ್ಟಳು. ಕೋಪ ಬಂದಾಗ ಮಾತು ಬಿಡುತ್ತಾರಲ್ಲ, ಹಾಗಲ್ಲ. ಕ್ರಿಸ್‌ಮಸ್ ಮುಗಿದ ಮೇಲೆ ನನಗೊಬ್ಬಳು ತಂಗಿ ಹುಟ್ಟಿದ್ದಳು. ಆಸ್ಪತ್ರೆಯಿಂದ ಮನೆಗೆ ಬರುವ ಮೊದಲೇ ತೀರಿಕೊಂಡಳು. ಅಮ್ಮ ಬರಿಗೈಯಲ್ಲಿ ಬಂದು ಗೋಡೆಗೆ ಒರಗಿ ಕುಳಿತಳು. ಅವತ್ತಿನಿಂದ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಅಡುಗೆ ಮಾಡುತ್ತಿದ್ದಳು, ನನಗೆ ತಲೆ ಬಾಚುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಎಲ್ಲವೂ ಸದ್ದಿಲ್ಲದೆ. "ಅಮ್ಮಾ" ಎಂದು ಕರೆದರೆ ತಿರುಗಿ ನೋಡುತ್ತಿದ್ದಳು, ಆದರೆ ಆ ನೋಟ ನನ್ನನ್ನು ದಾಟಿ ಎಲ್ಲಿಗೋ ಹೋಗುತ್ತಿತ್ತು.

ನಾವು ಆಗ ಬಾಗಲಗುಂಟೆಯ ಒಂದು ವಠಾರದಲ್ಲಿದ್ದೆವು. ಸಾಲಾಗಿ ಕಟ್ಟಿದ ಶೀಟಿನ ಮನೆಗಳು. ಹಿಂದೆ ರಾಗಿ ಹೊಲ, ಹೊಲದಾಚೆ ನೀಲಗಿರಿ ತೋಪು, ಅದರಾಚೆ ಪೀಣ್ಯದ ಕಾರ್ಖಾನೆಗಳು. ಅಪ್ಪ ಅಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆಯುತ್ತಿದ್ದರು. ಅವರ ಅಂಗಿಗೆ ಸದಾ ಎಣ್ಣೆಯ ವಾಸನೆ, ಕಾದ ಲೋಹದ ವಾಸನೆ. ವಠಾರದಲ್ಲಿ ಕ್ರೈಸ್ತರು ನಾವೊಬ್ಬರೇ. ಅದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ, ಹಬ್ಬಕ್ಕೆ ನಮ್ಮ ಕೇಕು ಅವರ ಮನೆಗೆ, ಅವರ ಒಬ್ಬಟ್ಟು ನಮ್ಮ ಮನೆಗೆ ಬರುತ್ತಿತ್ತು. ಆದರೆ ಅಮ್ಮ ಮಾತು ಬಿಟ್ಟ ಮೇಲೆ ಮಕ್ಕಳು ನಮ್ಮ ಬಾಗಿಲ ಹತ್ತಿರ ಸುಳಿಯುವುದನ್ನೇ ಬಿಟ್ಟರು. ಆ ಮನೆಯಲ್ಲಿ ಗಾಳಿ ಸೇರಿಕೊಂಡಿದೆ ಎಂದು ಯಾರೋ ಹೇಳಿದ್ದರಂತೆ. ಬೇಸಿಗೆ ರಜೆಯ ಉದ್ದನೆಯ ಮಧ್ಯಾಹ್ನಗಳಲ್ಲಿ ನಾನು ಹಳೆಯ ಸೈಕಲ್ ಟೈರೊಂದನ್ನು ಒಬ್ಬನೇ ಉರುಳಿಸಿಕೊಂಡು ಓಡಾಡುತ್ತಿದ್ದೆ. ಟೈರು ಬಿದ್ದರೆ ನಗುವವರೂ ಇರಲಿಲ್ಲ.

ಡಾಕ್ಟರು ಕಾಯಿಲೆ ಏನೂ ಇಲ್ಲ, ಮನಸ್ಸು ನೊಂದಿದೆ, ಕಾಯಬೇಕು ಎಂದಿದ್ದರು. ಅಪ್ಪ ಕಾಯುತ್ತಿದ್ದರು. ಕೆಲಸದಿಂದ ಬಂದು ಕೈಕಾಲು ತೊಳೆದು ಅಮ್ಮನ ಪಕ್ಕ ಕುಳಿತು, ಕಾರ್ಖಾನೆಯಲ್ಲಿ ಅವತ್ತು ಏನೇನಾಯಿತು ಎಂದು ಹೇಳುತ್ತಿದ್ದರು. ಉತ್ತರಕ್ಕೆ ಜಾಗ ಬಿಟ್ಟು ಹೇಳುತ್ತಿದ್ದರು. ಉತ್ತರ ಬಾರದಿದ್ದರೆ ಮುಂದಿನದನ್ನು ಹೇಳುತ್ತಿದ್ದರು. ಆಮೇಲೆ ಮೇಣದಬತ್ತಿ ಹಚ್ಚಿ ಜಪಮಾಲೆ ಹಿಡಿಯುತ್ತಿದ್ದರು. ನಾನೂ ಅಕ್ಕನೂ ಪ್ರಾರ್ಥನೆಗೆ ಉತ್ತರ ಕೊಡುತ್ತಿದ್ದೆವು. ಅಮ್ಮನ ತುಟಿ ಅಲುಗುತ್ತದೆಯೇ ಎಂದು ನಾನು ಕಣ್ಣಿನ ಅಂಚಿನಿಂದ ನೋಡುತ್ತಲೇ ಇರುತ್ತಿದ್ದೆ.

ಈಸ್ಟರ್ ಹಬ್ಬದ ಹಿಂದಿನ ದಿನ, ಶನಿವಾರ, ಊರಿನಿಂದ ನಮ್ಮ ಮಾವ ಬಂದರು. ಅಮ್ಮನ ತಮ್ಮ ಅವರು, ಆನೇಕಲ್ ಹತ್ತಿರದ ಹಳ್ಳಿಯವರು. ಅಪ್ಪ ಬೆಳಗಿನ ಶಿಫ್ಟಿಗೆ ಹೋಗಿದ್ದರು. ಮಾವ ಅಕ್ಕನನ್ನು ಬಾಗಿಲ ಹೊರಗೆ ಕರೆದರು.

"ಅಮ್ಮಂದೂ ಚಿಕ್ಕೋನ್ದೂ ಬಟ್ಟೆ ಒಂದ್ ಬ್ಯಾಗಿಗೆ ತುಂಬಮ್ಮ. ಹಬ್ಬ ಮುಗೀತಿದ್ದಂಗೆ ಊರಿಗೆ ಕರ್ಕೊಂಡು ಹೋಗ್ತೀನಿ. ಇವನು ಅಲ್ಲೇ ಸ್ಕೂಲಿಗೆ ಹೋಗ್ಲಿ. ನೀನೂ ಅಪ್ಪನೂ ಇಲ್ಲಿ ಹೆಂಗೋ ನಿಭಾಯಿಸ್ಕೊಳ್ಳಿ."

"ಅಪ್ಪಂಗೆ ಗೊತ್ತಾ ಮಾವ?" ಎಂದಳು ಅಕ್ಕ.

"ನಾನು ಹೇಳ್ತೀನಿ ಬಿಡು. ಅವರು ಕಾಯ್ತಾ ಕಾಯ್ತಾ ಇವಳನ್ನ ಕಳ್ಕೊಂಡ್ಬಿಡ್ತಾರೆ."

ಮಾವ ಕೆಟ್ಟವರಲ್ಲ. ಅಮ್ಮನನ್ನು ನೋಡಿದಾಗಲೆಲ್ಲ ಅವರ ಕಣ್ಣಲ್ಲಿ ನೀರಾಡುತ್ತಿತ್ತು. ಆದರೆ ನನ್ನ ಅಂಗಿಗಳು ಬ್ಯಾಗಿನೊಳಗೆ ಹೋಗುವುದನ್ನು ನೋಡಿ ನನಗೆ ದಿಗಿಲಾಯಿತು. ಮಾತನಾಡದ ಅಮ್ಮನ ಜೊತೆ ಆ ಊರಿನಲ್ಲಿ, ಅಪ್ಪನೂ ಇಲ್ಲದೆ, ಅಕ್ಕನೂ ಇಲ್ಲದೆ! ಯಾರಿಗೂ ಹೇಳದೆ ನಾನು ಹೊರಗೆ ಬಂದೆ. ದೇವರನ್ನೇ ಹೋಗಿ ಕೇಳುತ್ತೇನೆ ಎಂದುಕೊಂಡು ಚರ್ಚಿನ ದಾರಿ ಹಿಡಿದೆ.

ಹುಣಸೆ ಮರದ ಕೆಳಗೆ ವಠಾರದ ಯಜಮಾನಿ ಅಜ್ಜಿ ಹಣ್ಣು ಬಡಿದು ಬೀಜ ತೆಗೆಯುತ್ತಿದ್ದಳು. ಹೊಲವೂ ಮನೆಗಳೂ ಅವಳವೇ. ಮಧ್ಯಾಹ್ನದ ಹೊತ್ತು ತನ್ನ ಮೊರ ಎತ್ತಿಕೊಂಡು ಬಂದು ಅಮ್ಮನ ಎದುರು ಕುಳಿತುಕೊಳ್ಳುತ್ತಿದ್ದವಳು ಅವಳೊಬ್ಬಳೇ.

"ಯಾಕ್ಲಾ ಮಗಾ, ಮೊಕ ಇಂಗ್ ಮಾಡ್ಕಂಡಿದ್ದೀಯ?"

"ಅಮ್ಮ ಯಾವಾಗ ಮಾತಾಡ್ತಾಳೆ ಅಜ್ಜಿ?"

"ಬತ್ತದೆ ಬುಡು. ಎದೆ ತುಂಬಾ ದುಕ್ಕ ತುಂಬ್ಕಂಡವ್ಳೆ. ಮಾತು ಕೂತ್ಕಳಕ್ಕೆ ಜಾಗ ಬ್ಯಾಡ್ವಾ?" ಎಂದು ಅಂಟಂಟು ಕೈಯಲ್ಲೇ ನನ್ನ ಕೆನ್ನೆ ಸವರಿದಳು.

ನಮ್ಮ ಚರ್ಚು ತೋಪಿನ ಆಚೆಗಿತ್ತು. ಅದಕ್ಕೂ ಶೀಟಿನ ಸೂರೇ. ಬಿಸಿಲಿಗೆ ಒಣಗಿದ ನೀಲಗಿರಿ ಎಲೆ ಕಾಲಡಿ ಚರಚರ ಎನ್ನುತ್ತಿತ್ತು. ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಪೀಠದ ಮೇಲೆ ಬಟ್ಟೆ ಇರಲಿಲ್ಲ, ಹೂವಿರಲಿಲ್ಲ. ಯಾವಾಗಲೂ ಉರಿಯುತ್ತಿದ್ದ ಕೆಂಪು ದೀಪ ಆರಿತ್ತು. ಯೇಸುಸ್ವಾಮಿ ಇರುವುದು ಇದರಲ್ಲೇ ಎಂದು ಅಕ್ಕ ತೋರಿಸಿಕೊಟ್ಟಿದ್ದ ಪುಟ್ಟ ಪೆಟ್ಟಿಗೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಏನೂ ಇರಲಿಲ್ಲ. ದೇವರೂ ಬ್ಯಾಗು ತುಂಬಿಕೊಂಡು ಹೊರಟುಹೋಗಿದ್ದಾನೆ ಅನ್ನಿಸಿತು. ಅಂಥ ಒಂಟಿತನ ನನ್ನನ್ನು ಅದುವರೆಗೆ ಕಾಡಿರಲಿಲ್ಲ. ಕೊನೆಯ ಬೆಂಚಿನ ಮೇಲೆ ಮುದುಡಿ ಕುಳಿತು ಅತ್ತೆ. ಮೇಲೆ ಶೀಟು ಬಿಸಿಲಿಗೆ ಟಕ್ ಟಕ್ ಎನ್ನುತ್ತಿತ್ತು, ಅದೊಂದೇ ಸದ್ದು.

ಎಷ್ಟು ಹೊತ್ತು ಹಾಗಿದ್ದೆನೋ. ಎಣ್ಣೆಯ ವಾಸನೆ ಬಂತು. ತಲೆಯೆತ್ತಿದರೆ ಅಪ್ಪ. ಶಿಫ್ಟು ಮುಗಿಸಿ ಮನೆಗೆ ಹೋಗಿ, ನಾನಿಲ್ಲದ್ದು ಕಂಡು, ಅಜ್ಜಿಯನ್ನು ಕೇಳಿಕೊಂಡು ಓಡಿ ಬಂದಿದ್ದರು. ಬೈಯಲಿಲ್ಲ. ಪಕ್ಕದಲ್ಲಿ ಕುಳಿತು ಉಸಿರು ಸುಧಾರಿಸಿಕೊಂಡರು.

"ದೇವರು ಇಲ್ಲಪ್ಪ ಇಲ್ಲಿ," ಎಂದೆ.

"ಇವತ್ತು ಹಂಗೇ ಕಣೋ. ನಿನ್ನೆ ಶುಕ್ರವಾರ ಯೇಸುಸ್ವಾಮಿನ ಶಿಲುಬೆಗೆ ಹಾಕಿದ್ರು. ನಾಳೆ ಎದ್ದು ಬರ್ತಾರೆ. ಇವತ್ತು ಸಮಾಧಿ ಒಳಗಿದಾರೆ. ಅದಕ್ಕೇ ಚರ್ಚನ್ನ ಖಾಲಿ ಇಟ್ಟಿದಾರೆ."

"ಇವತ್ತು ನಾವೇನ್ ಮಾಡ್ಬೇಕು?"

"ಶುಕ್ರವಾರ ಅಳೋದು, ಭಾನುವಾರ ಹಾಡೋದು. ಶನಿವಾರ ಮಾಡೋಕೆ ಏನೂ ಇರಲ್ಲ. ಸುಮ್ನೆ ಜೊತೇಲಿರ್ಬೇಕು, ಅಷ್ಟೇ. ಮಾತೆ ಮರಿಯಮ್ಮನೂ ಮಗನ್ನ ಕಳ್ಕೊಂಡು ಇವತ್ತೊಂದು ದಿನ ಎಲ್ಲೋ ಕೂತಿದ್ಳು ಅಲ್ವಾ? ಅವತ್ತು ಅವಳು ಏನಾದ್ರೂ ಮಾತಾಡಿದ್ಳು ಅಂತ ಬೈಬಲ್‌ನಲ್ಲಿ ಒಂದಕ್ಷರಾನೂ ಇಲ್ಲ. ಹಂಗಂತ ದೇವರು ಅವಳ ಕೈ ಬಿಟ್ಟಿದ್ನಾ?"

"ಹಂಗಾದ್ರೆ ನಾಳೆ ಅಮ್ಮ ಮಾತಾಡ್ತಾಳಾ?"

"ಗೊತ್ತಿಲ್ಲ ಮಗಾ," ಎಂದರು ಅಪ್ಪ. "ನಂಗೂ ಭಯ ಆಗುತ್ತೆ. ಆದ್ರೆ ಅವನನ್ನ ನಂಬಿ ಕೂತಿದೀನಿ."

ಅಪ್ಪನಿಗೂ ಭಯವಾಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ವಿಚಿತ್ರವೆಂದರೆ, ಅದು ಗೊತ್ತಾದ ಮೇಲೆ ನನ್ನ ಭಯ ಸ್ವಲ್ಪ ಕಡಿಮೆಯಾಯಿತು.

ಮನೆಗೆ ಬಂದಾಗ ಮಾವ ಬಾಗಿಲಲ್ಲೇ ನಿಂತಿದ್ದರು. "ಭಾವ, ತಪ್ಪು ತಿಳ್ಕೋಬೇಡಿ. ಇನ್ನೆಷ್ಟು ದಿನ ಹಿಂಗೇ? ನೀವು ಕೆಲಸಕ್ಕೆ ಹೋದ್ರೆ ಇವಳ ಜೊತೆ ಯಾರಿರ್ತಾರೆ? ಊರಲ್ಲಿ ನಮ್ಮಮ್ಮ ನೋಡ್ಕೊಂತಾಳೆ."

"ನೀನು ಹೇಳೋದು ಸರಿನೇ ಇರ್ಬಹುದು," ಎಂದರು ಅಪ್ಪ. "ಆದ್ರೆ ಅವಳನ್ನ ಯಾರಾದ್ರೂ ಕೇಳಿದ್ರಾ?"

ಮಾವ ಬಾಗಿಲಿಂದ ಪಕ್ಕಕ್ಕೆ ಸರಿದರು. ಅಪ್ಪ ಅಮ್ಮನ ಮುಂದೆ ನೆಲದ ಮೇಲೆ ಕುಳಿತರು. "ನೋಡು, ನಿನ್ನ ತಮ್ಮ ಬಂದಿದಾನೆ. ನಿಂಗೆ ಊರಲ್ಲಿ ಹಗುರ ಅನ್ಸುತ್ತೆ ಅಂದ್ರೆ ಹೋಗು. ನಾನು ವಾರವಾರ ಬರ್ತೀನಿ. ಇಲ್ಲೇ ಇರ್ತೀನಿ ಅಂದ್ರೆ ಇರು. ಮಾತಾಡದೇ ಇದ್ರೂ ಪರವಾಗಿಲ್ಲ."

ಅಮ್ಮ ಬಹಳ ಹೊತ್ತು ಅಲುಗಲಿಲ್ಲ. ಹೊರಗೆ ಬೆಳಕು ಹಳದಿಯಾಗುತ್ತಿತ್ತು. ಅಕ್ಕ ಒಲೆಯ ಹತ್ತಿರ ನಿಂತಿದ್ದಳು. ಆಮೇಲೆ ಅಮ್ಮ ಮೆಲ್ಲಗೆ ಎದ್ದಳು. ಬ್ಯಾಗಿನ ಹತ್ತಿರ ಹೋಗಿ ನನ್ನ ಅಂಗಿಯೊಂದನ್ನು ತೆಗೆದು, ಕೊಡವಿ, ಗೋಡೆಯ ಮೊಳೆಗೆ ನೇತುಹಾಕಿದಳು. ಆಮೇಲೆ ಇನ್ನೊಂದು. ಆಮೇಲೆ ತನ್ನ ಸೀರೆಗಳನ್ನು ತೆಗೆದು ಟ್ರಂಕಿನಲ್ಲಿಟ್ಟಳು. ಮಾವ ಮುಖ ತಿರುಗಿಸಿಕೊಂಡು ಹೊರಗೆ ಹೋದರು. ಹಿಂದೆಯೇ ಅಪ್ಪ ಹೋಗಿ ಅವರ ಹೆಗಲ ಮೇಲೆ ಕೈಯಿಟ್ಟು ನಿಂತದ್ದು ಕಿಟಕಿಯಿಂದ ಕಾಣಿಸಿತು.

ಮಾರನೆಯ ಬೆಳಿಗ್ಗೆ ಎಲ್ಲರೂ ಈಸ್ಟರ್ ಪೂಜೆಗೆ ಹೋದೆವು. ಪೀಠದ ತುಂಬ ಹೂವು, ದೀಪ, ಗಂಟೆ. ಜನ ಗಂಟಲು ಬಿಚ್ಚಿ ಹಾಡಿದರು. ನಾನು ಹಾಡದೆ ಅಮ್ಮನ ತುಟಿಗಳನ್ನೇ ನೋಡಿದೆ. ಅವು ಅಲುಗಲಿಲ್ಲ. ಮನೆಗೆ ಬರುವಾಗ ನನ್ನ ಮುಖ ನೋಡಿ ಅಪ್ಪ ಬಗ್ಗಿ ಕಿವಿಯಲ್ಲಿ ಹೇಳಿದರು: "ನಮ್ಮನೇಲಿ ಇನ್ನೂ ಶನಿವಾರ ಮುಗಿದಿಲ್ಲ ಕಣೋ. ಕಾಯೋಣ."

ಅದು ಮುಗಿದದ್ದು ಮಳೆಗಾಲದಲ್ಲಿ, ಯಾವ ಹಬ್ಬವೂ ಅಲ್ಲದ ಒಂದು ದಿನ. ಶಾಲೆಯಿಂದ ತೊಪ್ಪೆಯಾಗಿ ನೆನೆದು ಬಂದಿದ್ದೆ. ಶೀಟಿನ ಮೇಲೆ ಮಳೆಯ ಆರ್ಭಟ. ಅದರ ನಡುವೆ ಒಂದು ಒಡಕು ದನಿ ಕೇಳಿಸಿತು: "ತಲೆ ಒರೆಸ್ಕೋ. ಶೀತ ಆಗುತ್ತೆ."

ನಾನು ಒರೆಸಿಕೊಳ್ಳಲಿಲ್ಲ. ನೀರು ಸುರಿಸಿಕೊಂಡು ಹಾಗೇ ನಿಂತೆ. ಇನ್ನೊಮ್ಮೆ ಹೇಳಲಿ ಎಂದು.

"ಕೇಳಿಸಲ್ವೇನೋ ನಿಂಗೆ?" ಎಂದು ಅಮ್ಮ ಗದರಿದಳು. ಗದರಿ, ತಾನೇ ಬೆಚ್ಚಿದವಳಂತೆ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ನನ್ನ ತಲೆಯನ್ನು ಆ ಸೆರಗಿನಲ್ಲೇ ಒರೆಸುತ್ತ ಒರೆಸುತ್ತ ಜೋರಾಗಿ ಅತ್ತಳು. ತಂಗಿ ಹೋದಾಗಿನಿಂದ ಅವಳು ಅತ್ತದ್ದು ಅದೇ ಮೊದಲು.

ಮಕ್ಕಳೇ, ಆ ಹೊಲ ಈಗಿಲ್ಲ, ತೋಪೂ ಇಲ್ಲ. ಅಲ್ಲಿ ಈಗ ಸಾಲು ಸಾಲು ಕಟ್ಟಡಗಳಿವೆ, ಸ್ವಲ್ಪ ದೂರದಲ್ಲಿ ಮೆಟ್ರೋ ಓಡುತ್ತದೆ. ಮುಂದಿನ ರೈಲು ಯಾವಾಗ ಬರುತ್ತದೆ ಎಂದು ಬೋರ್ಡಿನಲ್ಲೇ ಬರೆದಿರುತ್ತದೆ. ಊಟ ತರುವವನು ಯಾವ ತಿರುವಿನಲ್ಲಿದ್ದಾನೆ ಎಂದು ನಿಮ್ಮ ಫೋನು ತೋರಿಸುತ್ತದೆ. ನನಗೂ ಅದು ಇಷ್ಟವೇ. ಆದರೆ ಕೆಲವು ಸಂಗತಿಗಳಿಗೆ ಅಂಥ ಬೋರ್ಡು ಇವತ್ತಿಗೂ ಇಲ್ಲ.

ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಶಾಲೆಯಿಂದ ಬಂದವಳೇ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಏನಾಯಿತು ಎಂದು ಎಲ್ಲರೂ ಬಾಗಿಲು ತಟ್ಟಿ ಕೇಳಿ ಹೋದರು. ನಾನು ಕೇಳಲಿಲ್ಲ. ಬಾಗಿಲ ಹೊರಗೆ ಒಂದು ಕುರ್ಚಿ ಹಾಕಿಕೊಂಡು ಕುಳಿತೆ. ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿದೆ. ಕತ್ತಲಾಗುತ್ತ ಬಂದಾಗ ಒಳಗಿನಿಂದ ಸಣ್ಣ ದನಿ ಬಂತು.

"ತಾತಾ, ಇನ್ನೂ ಅಲ್ಲೇ ಇದೀಯಾ?"

"ಇದೀನಿ ಕಣಮ್ಮ," ಎಂದೆ.